ಏರಿನಲ್ಲಿ ತಡವರಿಸುತ್ತಿದ್ದ ಡೀಸೆಲ್ ಪಿಕಪ್ ಮತ್ತು ಒಂದು ಒಬಿಡಿ ಸ್ಕ್ಯಾನರ್

ಖಾಲಿ ಓಡುವಾಗ ನನ್ನ ಡೀಸೆಲ್ ಪಿಕಪ್‌ನ ಮೇಲೆ ಯಾವ ದೂರೂ ಇರಲಿಲ್ಲ. ಟ್ರೈಲರ್ ಕಟ್ಟಿ ಏರು ಹತ್ತಿಸಿದಾಗ ಮಾತ್ರ ಆಕ್ಸಿಲರೇಟರ್ ಒತ್ತಿದರೂ ಒಂದೆರಡು ಸೆಕೆಂಡು ಎಂಜಿನ್ ಸುಮ್ಮನಿರುತ್ತಿತ್ತು, ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು. ಒಂದೂವರೆ ಟನ್ ಭಾರ ಬೆನ್ನಿಗಿರುವಾಗ ಆ ಎರಡು ಸೆಕೆಂಡು ಎಷ್ಟು ದೀರ್ಘವೆಂದು ಓಡಿಸಿದವರಿಗೇ ಗೊತ್ತು. ಎಂಜಿನ್ ದೀಪ ಹತ್ತಲಿಲ್ಲ. ಗ್ಯಾರೇಜೊಂದರಲ್ಲಿ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿದರು, ಎರಡನೇ ಸಲ ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನೇ ಬಿಚ್ಚಬೇಕು ಎಂದರು. ಏನನ್ನೂ ಅಳೆದು ನೋಡದೆ ಇಂಜೆಕ್ಟರ್ ಬಿಚ್ಚಿಸಲು ಮನಸ್ಸು ಒಪ್ಪಲಿಲ್ಲ. ಆಗ ಕೊಂಡದ್ದು ಈ ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಒಬಿಡಿ ಎಂದರೆ ಎಂಜಿನ್ ಕಂಪ್ಯೂಟರ್ ತನ್ನ ದೋಷಗಳನ್ನೂ ಅಂಕಿಗಳನ್ನೂ ಹೊರಗೆ ತಿಳಿಸುವ ವ್ಯವಸ್ಥೆ.

ಬೆಂಕಿಪೊಟ್ಟಣದಷ್ಟೇ ಇದೆ. ಸ್ಟೀರಿಂಗ್ ಕೆಳಗಿನ 16 ಪಿನ್‌ಗಳ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ಆ್ಯಪ್ ತೆರೆದರೆ ಆಯಿತು. ದೋಷದ ಕೋಡ್ ಒಂದೂ ಇರಲಿಲ್ಲ. ಕೋಡ್ ಓದುವುದಕ್ಕಷ್ಟೇ ಆದರೆ ಇದನ್ನು ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ. ಓಡುವ ಎಂಜಿನ್‌ನ ಅಂಕಿಗಳನ್ನು ಗ್ರಾಫ್ ಮಾಡಿ ಉಳಿಸಿಕೊಡುತ್ತದೆ, ಅದೇ ಇದರ ಹೆಚ್ಚುಗಾರಿಕೆ.

ಮೊದಲು ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ನೋಡಿದೆ. ಇನ್‌ಟೇಕ್ ಒತ್ತಡವೂ (ಎಂಜಿನ್ ಒಳಗೆ ಹೋಗುವ ಗಾಳಿಯದು) ಹೊರಗಿನ ವಾಯುಭಾರವೂ 97 ಕಿಲೋಪಾಸ್ಕಲ್ ತೋರಿಸಿದವು. ಎರಡೂ ಒಂದೇ ಇದ್ದುದರಿಂದ ಒತ್ತಡದ ಸೆನ್ಸರನ್ನು ನಂಬಬಹುದಿತ್ತು. ಬಳಿಕ ಟ್ರೈಲರ್ ಕಟ್ಟಿ, ಮೊಬೈಲನ್ನು ಪಕ್ಕದಲ್ಲಿ ಕುಳಿತ ತಮ್ಮನ ಕೈಗೆ ಕೊಟ್ಟು, ಅದೇ ಏರಿಗೆ ಹೋದೆ. ಪೆಡಲ್ ಗೆರೆ ಎಲ್ಲಿಯೂ ಕಡಿಯದೆ 80 ಶೇಕಡಾಕ್ಕೆ ಏರಿತು, ಅಂದರೆ ಪೆಡಲ್ ಸೆನ್ಸರ್ ಸರಿಯಿದೆ. ರೈಲ್ ಒತ್ತಡವೂ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಒದಗಿಸುವ ಕೊಳವೆಯ ಒತ್ತಡವೂ, ಕುಸಿಯಲಿಲ್ಲ. ಫಿಲ್ಟರ್ ಕಟ್ಟಿದ್ದರೆ, ಪಂಪ್ ಸೋತಿದ್ದರೆ ಭಾರ ಬಿದ್ದಾಗ ಅದು ಕುಸಿಯಬೇಕಿತ್ತು. "ಅಣ್ಣಾ, ಕೆಂಪು ಗೆರೆ 165 ದಾಟುತ್ತಲೇ ಇಲ್ಲ" ಎಂದ ತಮ್ಮ. ಕೆಂಪು ಗೆರೆ ಇನ್‌ಟೇಕ್ ಒತ್ತಡದ್ದು. ನಾನು ಇನ್ನಷ್ಟು ಒತ್ತಿದರೂ ಅದು ಅಲ್ಲೇ ನಿಂತಿತು.

ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ದೂಡಿದ ಗಾಳಿ ದಾರಿಯಲ್ಲೆಲ್ಲೋ ಸೋರುತ್ತಿತ್ತು. ಗಾಳಿ ಸಾಲದಾಗ ಕಪ್ಪು ಹೊಗೆ ಬಾರದಂತೆ ಎಂಜಿನ್ ಕಂಪ್ಯೂಟರ್ ಡೀಸೆಲನ್ನು ಕಡಿಮೆ ಮಾಡುತ್ತದೆ, ನಮಗೆ ಅದು ತಡವರಿಕೆಯಾಗಿ ಕಾಣಿಸುತ್ತದೆ. ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಮೇಲಿನಿಂದ ಹೊಸದರಂತಿತ್ತು. ಅಡಿಯಲ್ಲಿ ಬೆರಳಾಡಿಸಿದಾಗ ಕ್ಲಾಂಪ್ ಪಕ್ಕ ಎಣ್ಣೆಯ ಜಿಡ್ಡು ಹತ್ತಿತು. ಹೋಸನ್ನು ಬಾಗಿಸಿದೊಡನೆ ಎರಡು ಅಂಗುಲದ ಸೀಳು ತುಟಿಯಂತೆ ಬಾಯಿ ಬಿಟ್ಟಿತು, ಕೈಬಿಟ್ಟರೆ ಮುಚ್ಚಿಕೊಂಡಿತು. ಖಾಲಿ ಗಾಡಿಯಲ್ಲಿ ಅಷ್ಟು ಒತ್ತಡವೇ ಏಳುತ್ತಿರಲಿಲ್ಲ, ಆದ್ದರಿಂದ ಸೀಳು ತೆರೆಯುತ್ತಿರಲಿಲ್ಲ. ಹೊಸ ಹೋಸ್ ಹಾಕಿದ ಮೇಲೆ ಅದೇ ಏರಿನಲ್ಲಿ ಗೆರೆ 220ಕ್ಕೆ ಹೋಯಿತು. ಇಂಜೆಕ್ಟರ್‌ಗಳನ್ನು ಯಾರೂ ಮುಟ್ಟಲಿಲ್ಲ.

ಕೊರತೆಗಳೂ ಇವೆ. ಒಟ್ಟಿಗೆ ಹತ್ತು ಅಂಕಿ ಕೇಳಿದರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಮೂರು ಸಾಕು. ಕಂಪ್ಯೂಟರ್ ಬಯಸಿದ ರೈಲ್ ಒತ್ತಡ ಎಷ್ಟೆಂದು ಈ ಆ್ಯಪ್ ತೋರಿಸುವುದಿಲ್ಲ, ಸಿಕ್ಕಿದ್ದೆಷ್ಟು ಎಂದಷ್ಟೇ ಹೇಳುತ್ತದೆ. ಇನ್ನೊಂದು ಮುಖ್ಯ ಸಂಗತಿ: ಒಬಿಡಿಯ ಸಾಮಾನ್ಯ ಇನ್‌ಟೇಕ್ ಒತ್ತಡದ ಅಂಕಿ ಒಂದೇ ಬೈಟ್‌ನದು, 255 ಕಿಲೋಪಾಸ್ಕಲ್ ಮೀರಿ ತೋರಿಸಲಾರದು. ಟರ್ಬೊ ಬಲವಾಗಿರುವ ಗಾಡಿಯಲ್ಲಿ ಗೆರೆ 255ರಲ್ಲಿ ನಿಂತರೆ ಅದನ್ನು ಸೋರಿಕೆ ಎಂದುಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಕಿತ್ತಿಡಿ, ಕೀಲಿ ತೆಗೆದರೂ ಆ ಸಾಕೆಟ್‌ನಲ್ಲಿ ಬ್ಯಾಟರಿಯ ಕರೆಂಟ್ ಇರುತ್ತದೆ.

220 ತೋರಿಸಿದ ಗ್ರಾಫನ್ನು ನಾನು ಅಳಿಸಿಲ್ಲ. ಮುಂದೆ ಎಂದಾದರೂ ಎಳೆತ ತಗ್ಗಿದರೆ ಹೋಲಿಸಲು ಅದೇ ಬೇಕು.