ಎಕ್ಸೆಲ್, ಸಾಫ್ಟ್‌ವೇರ್, ಅಕೌಂಟೆಂಟ್: ಸಣ್ಣ ವ್ಯಾಪಾರಕ್ಕೆ ಯಾವುದು ಎಲ್ಲಿಯವರೆಗೆ?

ಒಂದೇ ತಿಂಗಳ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಪಟ್ಟಿಯನ್ನು ಮೂರೂ ದಾರಿಯಲ್ಲಿ ಬರೆದು ನೋಡಿದರೆ ಒಂದು ಸ್ಪಷ್ಟ: ದಿನದ ಜಮಾ-ಖರ್ಚಿಗೆ ಅಕೌಂಟೆಂಟ್ ಬೇಕಿಲ್ಲ. ಸಂಬಳ ಮತ್ತು ವರ್ಷದ ಕೊನೆಯ ಲೆಕ್ಕದ ಮಾತು ಬೇರೆ.

ವ್ಯವಹಾರ ಕಡಿಮೆಯಿದ್ದು, ವಾರಕ್ಕೊಮ್ಮೆ ಬ್ಯಾಂಕಿನೊಂದಿಗೆ ತಾಳೆ ನೋಡುವ ಅಭ್ಯಾಸವಿದ್ದರೆ ಎಕ್ಸೆಲ್ ಸಾಕು. ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಮೊದಲು 9ರಿಂದ ಭಾಗಿಸಿ. 5,480 ಅನ್ನು 4,580 ಎಂದು ಬರೆದಿದ್ದರೆ ವ್ಯತ್ಯಾಸ 900. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದು. ಇಲ್ಲವಾದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದೆಯೇ ಹುಡುಕಿ, ಜಮೆಯಾಗಬೇಕಿದ್ದದ್ದು ಖರ್ಚಿನ ಕಡೆ ಕೂತಿರಬಹುದು. ಕೂಡುವ ಸೂತ್ರ ಹಿಡಿದಿರುವ ಸಾಲುಗಳ ಕೆಳಗೆ ಹೊಸ ಸಾಲು ಸೇರಿಸಿದಾಗ ಅದು ಮೊತ್ತಕ್ಕೆ ಬಾರದೆ ಹೋಗುವುದು ಎಕ್ಸೆಲ್‌ನ ಹಳೆಯ ಕಾಟ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಕೂಡುವುದರಲ್ಲಿ ತಪ್ಪುವುದಿಲ್ಲ, ಆದರೆ ನೀವು ತಪ್ಪು ಖಾತೆಗೆ ಹಾಕಿದರೂ ಸುಮ್ಮನೆ ಒಪ್ಪಿಕೊಳ್ಳುತ್ತದೆ. 12,000ದ ಬಿಲ್ ಮಾಡಿದಾಗ ಆದಾಯ ದಾಖಲಾಗಿರುತ್ತದೆ. ಹಣ ಬ್ಯಾಂಕಿಗೆ ಬಂದಾಗ ಅದನ್ನು ಆ ಬಿಲ್ಲಿಗೆ ಜೋಡಿಸದೆ ಮತ್ತೆ ಆದಾಯವೆಂದು ಹಾಕಿದರೆ 24,000 ಆಗುತ್ತದೆ. ಸಾಲದ ಕಂತಿನದೂ ಇದೇ ಪಾಡು: 10,000ದಲ್ಲಿ ಬಡ್ಡಿ 3,200 ಇದ್ದರೆ ಅಷ್ಟೇ ಖರ್ಚು, ಉಳಿದ 6,800 ಅಸಲು. ಇಡೀ ಕಂತನ್ನು ಖರ್ಚಿಗೆ ಬರೆದರೆ ಲಾಭ 6,800 ಕಡಿಮೆ ಕಾಣುತ್ತದೆ.

ಸಂಬಳದಲ್ಲಿ ಮಾತ್ರ ಎಕ್ಸೆಲ್ ನಂಬಬೇಡಿ. ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಕೆಲಸಗಾರರ ಹೊಟ್ಟೆಗೆ. ಸಂಬಳ 30,000, ಅದರಲ್ಲಿ ತೆರಿಗೆ, ಭವಿಷ್ಯನಿಧಿಯಂಥ ಕಡಿತ 3,600 ಎಂದುಕೊಳ್ಳಿ. ಕೈಗೆ ಕೊಟ್ಟ 26,400 ಮಾತ್ರ ಖರ್ಚಿಗೆ ಬರೆಯುವವರು ಬಹಳ. ಖರ್ಚು ಪೂರ್ತಿ 30,000. ಆ 3,600 ಕಟ್ಟುವ ದಿನದವರೆಗೂ ನಿಮ್ಮ ಮೇಲಿನ ಬಾಕಿ, ಬ್ಯಾಂಕಿನಲ್ಲಿದೆ ಎಂದು ಮುಟ್ಟುವಂತಿಲ್ಲ. ಮಾಲೀಕರ ಪಾಲಿನ ವಂತಿಗೆ ಇದ್ದರೆ ಅದು ಇದರ ಮೇಲೆ ಬೇರೆ.

ತಿಂಗಳ ನಡುವೆ ಸೇರಿದವರ ಲೆಕ್ಕ ಇನ್ನೂ ನಾಜೂಕು. ಅದೇ 30,000 ಸಂಬಳ, ಸೋಮವಾರ ಶುರುವಾಗುವ 31 ದಿನದ ತಿಂಗಳು, ವಾರಕ್ಕೆ ಐದು ದಿನ ಕೆಲಸ, 12ರಂದು ಸೇರ್ಪಡೆ. ಕ್ಯಾಲೆಂಡರ್ ದಿನದ ಲೆಕ್ಕದಲ್ಲಿ 31ಕ್ಕೆ 20 ದಿನ, 19,355. ಕೆಲಸದ ದಿನದ ಲೆಕ್ಕದಲ್ಲಿ 23ಕ್ಕೆ 14, ಅಂದರೆ 18,261. ಕಾನೂನು ಮತ್ತು ಕರಾರು ಯಾವುದನ್ನು ಹೇಳುತ್ತವೋ ಅದನ್ನೇ ಎಲ್ಲರಿಗೂ ಹಿಡಿಯಬೇಕು. ಕಡಿತದ ದರಗಳು ಬದಲಾಗುತ್ತಲೇ ಇರುವುದರಿಂದ, ಮೊದಲ ನೌಕರ ಬಂದ ದಿನವೇ ಸಂಬಳದ ಕೆಲಸವನ್ನು ದರ ತಾನಾಗಿ ತಿದ್ದಿಕೊಳ್ಳುವ ಸಾಫ್ಟ್‌ವೇರಿಗೋ ಅಕೌಂಟೆಂಟರಿಗೋ ಒಪ್ಪಿಸಿ.

ಅಕೌಂಟೆಂಟರಿಗೆ ಕೊಡುವ ಹಣ ಸಾರ್ಥಕವಾಗುವುದು ಎರಡು ಹೊತ್ತಿನಲ್ಲಿ: ಆರಂಭದಲ್ಲಿ ಖಾತೆಗಳ ಪಟ್ಟಿ ಹಾಕಿಸುವಾಗ, ವರ್ಷದ ಕೊನೆಯಲ್ಲಿ ಸವಕಳಿ (ಯಂತ್ರ, ಪೀಠೋಪಕರಣಗಳ ಬೆಲೆ ವರ್ಷ ವರ್ಷ ಇಳಿಯುವ ಲೆಕ್ಕ), ದಾಸ್ತಾನು, ಬಾಕಿಗಳನ್ನು ಸರಿಪಡಿಸುವಾಗ. ಬಿಲ್ಲುಗಳ ಚೀಲ ತಂದು ಸುರಿದರೆ ಬರೀ ವಿಂಗಡಣೆಗೇ ದುಡ್ಡು ಹೋಗುತ್ತದೆ. ಸಾಫ್ಟ್‌ವೇರಿನ ಮುಖ್ಯ ಲಾಗಿನ್ ನಿಮ್ಮ ಹೆಸರಲ್ಲೇ ಇರಲಿ. ಸಂಬಳದ ಪಟ್ಟಿ ಅವರು ಮಾಡಲಿ, ಬ್ಯಾಂಕಿನಲ್ಲಿ ಹಣ ಬಿಡುಗಡೆ ಮಾಡುವ ಒಪ್ಪಿಗೆ ಮಾತ್ರ ನೀವೇ ಕೊಡಿ, ಹೆಸರು ಹೆಸರಾಗಿ ಓದಿ.