ಮನೆ ಹಾಲ್‌ನಲ್ಲಿ ಟೆನಿಸ್: ವೀ ಮತ್ತು ಸ್ವಿಚ್ ಸ್ಪೋರ್ಟ್ಸ್, ಮೂರು ಮಳೆಗಾಲ ಆಡಿದ ಮೇಲೆ

ಚಿಕ್ಕಮಗಳೂರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಸೆಪ್ಟೆಂಬರ್ ಬಂದಿರುತ್ತದೆ. ಅಷ್ಟೂ ದಿನ ಮಗಳು ಸ್ಕೂಲಿನಿಂದ ಬಂದವಳೇ ಸೋಫಾ ಮೇಲೆ ಮೊಬೈಲ್ ಹಿಡಿದು ಕೂರುತ್ತಿದ್ದಳು. ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಅವರಿಗೆ ಮಂಡಿನೋವು. ಅಂಗಳವೆಲ್ಲ ಪಾಚಿ ಕಟ್ಟಿ ಜಾರುತ್ತದೆ, ಹಾಗಾಗಿ ವಾಕಿಂಗೂ ಬಂದ್. ಇಬ್ಬರನ್ನೂ ಎಬ್ಬಿಸಬೇಕು ಅಂತ 2023ರ ಮಳೆಗಾಲದಲ್ಲಿ ಒಂದು ಹಳೆಯ ನಿಂಟೆಂಡೊ ವೀ ತರಿಸಿದೆ. ಟಿವಿಗೆ ಜೋಡಿಸಿ, ರಿಮೋಟ್ ಹಿಡಿದು ಕೈ ಬೀಸಿ ಆಡುವ ವಿಡಿಯೊ ಗೇಮ್ ಯಂತ್ರ ಅದು. ಸೆಕೆಂಡ್ ಹ್ಯಾಂಡ್, ಎರಡು ರಿಮೋಟ್ ಸೇರಿ 6,500 ರೂಪಾಯಿ. ಮರುವರ್ಷ ದುಬೈನಿಂದ ಬಂದ ನನ್ನ ತಮ್ಮ ಅದೇ ಕಂಪನಿಯ ನಂತರದ ಯಂತ್ರ ಸ್ವಿಚ್ ತಂದುಕೊಟ್ಟ. ಎರಡರಲ್ಲೂ ನಾವು ಆಡಿದ್ದು ಹೆಚ್ಚಾಗಿ ಟೆನಿಸ್ಸೇ.

ವೀ ಬಂದದ್ದು 2006ರಲ್ಲಿ. ಅದರ ವೀ ಸ್ಪೋರ್ಟ್ಸ್‌ನಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಅಂತ ಐದು ಆಟ. ಟೆನಿಸ್‌ನಲ್ಲಿ ಇರುವುದು ಡಬಲ್ಸ್ ಮಾತ್ರ. ಎದುರುಬದುರು ಇಬ್ಬರೇ ಆಡಿದರೆ ಮುಂದೆ ನಿಂತವನೂ ನೀವೇ, ಹಿಂದೆ ನಿಂತವನೂ ನೀವೇ. ಓಡುವ ಕೆಲಸ ನಿಮ್ಮದಲ್ಲ. ಪರದೆಯ ಮೇಲಿನ ಗೊಂಬೆ ತಾನೇ ಚೆಂಡಿನ ಹತ್ತಿರ ಓಡುತ್ತದೆ. ನೀವು ಮಾಡಬೇಕಾದ್ದು ಸರಿಯಾದ ಹೊತ್ತಿಗೆ ಕೈ ಬೀಸುವುದು, ಅಷ್ಟೇ. ಬಲಗೈಯವರು ಫೋರ್‌ಹ್ಯಾಂಡ್ ಸ್ವಲ್ಪ ಬೇಗ ಬೀಸಿದರೆ ಚೆಂಡು ಎಡಕ್ಕೆ ಹೋಗುತ್ತದೆ, ತಡವಾದರೆ ಬಲಕ್ಕೆ. ಹೇಳಲು ಎರಡೇ ಮಾತು, ಕೈಗೆ ಬರಲು ನನಗೆ ಎರಡು ವಾರ ಬೇಕಾಯಿತು.

ಈ ಆಟ ಬಲ ಕೇಳುವುದಿಲ್ಲ, ಸರಿಯಾದ ಹೊತ್ತು ಕೇಳುತ್ತದೆ. ಹಾಗಾಗಿಯೇ 71 ವರ್ಷದ ಅಪ್ಪನೂ 10 ವರ್ಷದ ಮಗಳೂ ಸರಿಸಮ ಆಡುತ್ತಾರೆ. ಇಷ್ಟು ವಯಸ್ಸಿನ ಅಂತರದಲ್ಲಿ ಯಾರೂ ಯಾರಿಗೂ ಬಿಟ್ಟುಕೊಡದೆ ಆಡುವ ಬೇರೆ ಆಟ ನಮ್ಮ ಮನೆಯಲ್ಲಿ ಚೌಕಾಬಾರ ಒಂದೇ ಇತ್ತು.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಪ್ಲಾಂಟರ್‌ಗಳ ಕ್ಲಬ್‌ನಲ್ಲಿ ಟೆನಿಸ್ ಕೋರ್ಟ್ ಇತ್ತು. ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿಸಲು ಸಂಜೆ ಅಲ್ಲಿಗೆ ಹೋದರೆ, ಆಟ ಮುಗಿಯುವವರೆಗೆ ಬೇಲಿಯ ಆಚೆ ನಿಂತು ನೋಡುತ್ತಿದ್ದರಂತೆ. ಬ್ಯಾಟ್ ಮಾತ್ರ ಒಂದು ದಿನವೂ ಹಿಡಿದಿರಲಿಲ್ಲ. ಮೊದಲ ದಿನ ವೀ ರಿಮೋಟನ್ನು ಟಿವಿ ರಿಮೋಟ್ ಥರ ಮುಂದಕ್ಕೆ ಚಾಚಿ ಗುಂಡಿ ಒತ್ತಿದರು. ಮಗಳು ಅವರ ಕೈ ತಿರುಗಿಸಿ, "ಅಜ್ಜ, ಮೇಲಕ್ಕೆತ್ತಿ ಬೀಸಬೇಕು" ಅಂತ ತೋರಿಸಿದಳು. ಆಗ ನೋಡಿ, ಅಪ್ಪನ ಎಡಗೈ ತಾನಾಗಿಯೇ ಮೇಲೆದ್ದಿತು. ಬೆರಳು ಬಿಡಿಸಿ, ಇಲ್ಲದ ಚೆಂಡನ್ನು ಮೇಲಕ್ಕೆ ಬಿಟ್ಟರು. ಕಣ್ಣೂ ಅದರ ಹಿಂದೆಯೇ ಹೋಯಿತು. ಆಮೇಲೆ ಬಲಗೈ ಬೀಸಿತು. ಆಟಕ್ಕೆ ಎಡಗೈಯ ಅಗತ್ಯವೇ ಇಲ್ಲ, ರಿಮೋಟ್ ಎತ್ತಿದರೆ ಸಾಕು. ಆದರೆ ಅಷ್ಟು ವರ್ಷ ನೋಡಿದ್ದು ಅವರ ಕೈಯಲ್ಲಿ ಕೂತಿತ್ತು. ಚೆಂಡು ತುತ್ತತುದಿಯಲ್ಲಿದ್ದಾಗ ಬೀಸಿದರೆ ವೀಯಲ್ಲಿ ಸರ್ವ್ ಬಾಣದಂತೆ ಹೋಗುತ್ತದೆ. ಅಪ್ಪನ ಮೂರನೇ ಸರ್ವ್ ಹಾಗೆ ಹೋಯಿತು. ನನಗೆ ಕಣ್ಣು ತುಂಬಿ ಬಂತು.

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆ ಫೈನಲ್ಲನ್ನು ಅಪ್ಪ ಪೂರ್ತಿ ನೋಡಿದರು. ಬೋಪಣ್ಣ ಸರ್ವ್ ಮಾಡಿದಾಗಲೆಲ್ಲ ಮಗಳಿಗೆ ಚೆಂಡು ಎಷ್ಟು ಎತ್ತರ ಹೋಯಿತು ಅಂತ ತೋರಿಸುತ್ತಿದ್ದರು.

ಈಗ ತೊಂದರೆಗಳ ವಿಷಯ. ಶುರುವಿನಲ್ಲಿ ಮೆನುವಿನಲ್ಲಿ ಕಾಣುವ ಕೈ ಗುರುತು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ರಿಮೋಟ್ ಕೆಟ್ಟಿದೆ, ಮಾರಿದವನು ಮೋಸ ಮಾಡಿದ ಅಂದುಕೊಂಡೆ. ಕಾರಣ ನಮ್ಮ ದೇವರ ದೀಪ! ಟಿವಿ ಹತ್ತಿರ ಇಡುವ ಸೆನ್ಸರ್ ಬಾರ್‌ನ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿರುತ್ತದೆ. ರಿಮೋಟ್ ಮುಂಭಾಗದ ಪುಟ್ಟ ಕ್ಯಾಮೆರಾ ಅದನ್ನು ನೋಡಿ ಜಾಗ ಗುರುತಿಸುತ್ತದೆ. ದೀಪದ ಬತ್ತಿಯೂ ಅದೇ ಬೆಳಕು ಕೊಡುವುದರಿಂದ ಅದಕ್ಕೆ ಗೊಂದಲ. ಟಿವಿಯನ್ನು ಬೇರೆ ಗೋಡೆಗೆ ಸರಿಸಿದೆವು, ಸರಿಹೋಯಿತು. ಕೈ ಬೀಸುವುದಕ್ಕೂ ಈ ಬೆಳಕಿಗೂ ಸಂಬಂಧವಿಲ್ಲ, ಅದನ್ನು ಅಳೆಯುವುದು ರಿಮೋಟ್ ಒಳಗಿನ ಅಕ್ಸೆಲೆರೋಮೀಟರ್.

ಎರಡನೆಯದು ಟಿವಿ. ಹೊಸ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಒಂಚೂರು ಹೊತ್ತು ತೆಗೆದುಕೊಳ್ಳುತ್ತವೆ. ಸೀರಿಯಲ್ ನೋಡುವಾಗ ಗೊತ್ತಾಗಲ್ಲ. ಟೆನಿಸ್‌ನಲ್ಲಿ ಮಾತ್ರ ಪ್ರತಿ ಹೊಡೆತವೂ ತಡ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಇದೊಂದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಆ ಎರಡು ವಾರ ಉಳಿಯುತ್ತಿತ್ತು. ವೀ ಚಿತ್ರ ದೊಡ್ಡ ಟಿವಿಯಲ್ಲಿ ಮಸುಕಾಗಿಯೇ ಇರುತ್ತದೆ. ನಮ್ಮಲ್ಲಿ ಯಾರಿಗೂ ಅದು ಅಡ್ಡಿ ಅನ್ನಿಸಲಿಲ್ಲ.

ಮಣಿಕಟ್ಟಿನ ಪಟ್ಟಿ ಹಾಕದೆ ದಯವಿಟ್ಟು ಆಡಬೇಡಿ. ನನ್ನ ಕೈಯಿಂದ ಜಾರಿದ ರಿಮೋಟ್ ನೇರ ಶೋಕೇಸ್ ಗಾಜಿಗೆ ಹೋಯಿತು. ಸಾಕ್ಸ್ ಬೇಡ, ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲೇ ವಾಸಿ. ಇಬ್ಬರ ನಡುವೆ ಎರಡು ತೋಳಿನಷ್ಟು ಜಾಗ ಇರಲಿ. ನಮ್ಮೂರಿನ ಥಂಡಿಗೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಆಗಾಗ ಒರೆಸಿ ಒಲೆ ಹತ್ತಿರ ಆರಿಸುತ್ತೇವೆ. ವೀ ರಿಮೋಟಿಗೆ ಎರಡು ಪೆನ್ಸಿಲ್ ಸೆಲ್ ಬೇಕು. ಮಳೆಗಾಲ ಮುಗಿದ ಮೇಲೆ ತೆಗೆದಿಡಲು ಮರೆತು ಒಂದು ರಿಮೋಟಿನ ಸ್ಪ್ರಿಂಗಿಗೆ ಕಿಲುಬು ಕಟ್ಟಿಸಿಕೊಂಡಿದ್ದೇನೆ.

ಭುಜದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಮೊದಲ ಭಾನುವಾರ ಸುಮ್ನೆ ಹುಮ್ಮಸ್ಸಿನಲ್ಲಿ ಮೂರು ಗಂಟೆ ಆಡಿದೆ. ಮಾರನೇ ದಿನ ಜಡೆ ಹಾಕಿಕೊಳ್ಳಲು ಕೈ ಮೇಲೇಳಲಿಲ್ಲ. 2007ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇಂಥದೇ ಒಂದು ಪ್ರಕರಣ ಬಂದಿತ್ತು. ಗಂಟೆಗಟ್ಟಲೆ ವೀ ಟೆನಿಸ್ ಆಡಿದ 29 ವರ್ಷದ ಯುವ ವೈದ್ಯರಿಗೆ ಭುಜದ ಸ್ನಾಯುರಜ್ಜು ಊದಿಕೊಂಡಿತ್ತು. ಅದಕ್ಕೆ ವೀ-ಐಟಿಸ್ ಅಂತಲೇ ಹೆಸರಿಟ್ಟರು. ನಿಜವಾದ ಬ್ಯಾಟ್‌ಗೆ ತೂಕ ಇರುತ್ತದೆ, ಚೆಂಡು ಬಡಿದಾಗ ತಡೆ ಸಿಗುತ್ತದೆ. ಇಲ್ಲಿ ಕೈ ಗಾಳಿಯಲ್ಲಿ ಹಾಗೇ ಹೋಗಿಬಿಡುತ್ತದೆ. ಅಪ್ಪನಿಗೆ ನಾನು ದಿನಕ್ಕೆ 20 ನಿಮಿಷ ಅಂತ ಮಿತಿ ಹಾಕಿದ್ದೇನೆ. ಆಡುವ ಮೊದಲು ತೋಳು ತಿರುಗಿಸುತ್ತಾರೆ.

ವೀ ಮತ್ತು ಸ್ವಿಚ್ ನಡುವೆ ವ್ಯತ್ಯಾಸ ಇದೆಯಾ? ಇದೆ. ವೀಯಲ್ಲಿ ಕೂತಲ್ಲೇ ಮಣಿಕಟ್ಟು ಕುಲುಕಿದರೂ ಚೆಂಡು ಹೋಗುತ್ತದೆ. ಮಗಳು ಅದನ್ನು ಮೂರೇ ದಿನದಲ್ಲಿ ಕಂಡುಹಿಡಿದಳು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ನಿಯಮ: ಭುಜದಿಂದ ಪೂರ್ತಿ ಬೀಸದ ಪಾಯಿಂಟ್ ಲೆಕ್ಕಕ್ಕಿಲ್ಲ. 2022ರಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್‌ಗೆ ಜಾಯ್‌ಕಾನ್ (ಅದರ ರಿಮೋಟ್) ಒಳಗಿನ ಗೈರೋಸ್ಕೋಪ್ ಕೂಡ ಇದೆ. ಕೈ ಹೇಗೆ ತಿರುಗಿತು ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ, ಚೆಂಡಿಗೆ ಸ್ಪಿನ್ ಕೊಡಬಹುದು. ಬ್ಯಾಡ್ಮಿಂಟನ್ನೂ ಇದೆ, ಸೆನ್ಸರ್ ಬಾರ್ ಬೇಡ. ಹೊಸದಾಗಿ ಕೊಳ್ಳುವವರು ಸ್ವಿಚ್ಚನ್ನೇ ಕೊಳ್ಳಿ. ಆದರೆ ಜಾಯ್‌ಕಾನ್ ತೀರಾ ಪುಟ್ಟದು. ವಯಸ್ಸಾದವರ ಹಿಡಿತಕ್ಕೆ ವೀ ರಿಮೋಟೇ ಹಿತ.

ಇದರಿಂದ ಟೆನಿಸ್ ಬರುತ್ತದಾ ಅಂತ ತುಂಬಾ ಜನ ಕೇಳಿದ್ದಾರೆ. ಬರುವುದಿಲ್ಲ. ಬೇಸಿಗೆಯಲ್ಲಿ ಮಗಳನ್ನು ನಿಜವಾದ ಕೋರ್ಟಿಗೆ ಸೇರಿಸಿದೆ. ಮೊದಲ ವಾರ ನಿಂತಲ್ಲೇ ನಿಂತು ಚೆಂಡು ಬರಲಿ ಅಂತ ಕಾಯುತ್ತಿದ್ದಳು. ಕಾಲಿನ ಕೆಲಸವೇ ಟೆನಿಸ್‌ನಲ್ಲಿ ಜಾಸ್ತಿ, ಅದನ್ನು ಈ ಆಟ ಕಲಿಸುವುದೇ ಇಲ್ಲ. ವ್ಯಾಯಾಮದ ಲೆಕ್ಕವೂ ಹಾಗೆಯೇ. 13ರಿಂದ 15 ವರ್ಷದ ಮಕ್ಕಳ ಮೇಲೆ ನಡೆಸಿದ ಒಂದು ಅಧ್ಯಯನ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಕೂತು ಆಡುವ ಗೇಮ್‌ಗಿಂತ ಇದರಲ್ಲಿ ಹೆಚ್ಚು ಶಕ್ತಿ ಖರ್ಚಾಗುತ್ತದೆ, ನಿಜವಾದ ಆಟದಷ್ಟಲ್ಲ ಅಂತ ಅದರಲ್ಲಿ ಕಂಡಿತ್ತು. ನಮ್ಮ ಅನುಭವವೂ ಅದೇ. ಆದರೆ ಸರ್ವ್ ಮಾಡುವಾಗ ಎಡಗೈ ಎತ್ತುವುದನ್ನು ಮಾತ್ರ ಕೋರ್ಟಿನಲ್ಲಿ ಯಾರೂ ಮಗಳಿಗೆ ಕಲಿಸಬೇಕಾಗಲಿಲ್ಲ.

ಕರೆಂಟ್ ಹೋದರೆ ಆಟ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಅದು ಇದ್ದದ್ದೇ, ಯುಪಿಎಸ್ ಇದ್ದರೆ ಒಳ್ಳೆಯದು. ಈ ವರ್ಷ ಜೂನ್ ಮೊದಲ ವಾರ, ಇನ್ನೂ ಮಳೆ ಸರಿಯಾಗಿ ಹಿಡಿದಿರಲಿಲ್ಲ. ಪೇಟೆಗೆ ಹೊರಟಿದ್ದೆ. ಅಪ್ಪ ಕಿಟಕಿಯಿಂದಲೇ ಕರೆದು ಹೇಳಿದರು: "ಬರ್ತಾ ನಾಲ್ಕು ಪೆನ್ಸಿಲ್ ಸೆಲ್ ತಗೊಂಬಾಮ್ಮ."