ಚಿತ್ರಗಳ ಫೋಲ್ಡರ್ ಬೇಗ ತೆರೆಯಲೆಂದು ಮಾಡಿಸಿದ ಕೆಲಸ: ಉಡುಪಿಯ ಅಂಗಡಿಯೊಂದರ ಸೇವೆಯ ವಿಮರ್ಶೆ

ಉಡುಪಿಯ ಕಲ್ಸಂಕದ ಆಸುಪಾಸಿನ ಈ ಸಣ್ಣ ಕಂಪ್ಯೂಟರ್ ದುರಸ್ತಿ ಅಂಗಡಿಯವರು ಬಿಡಿಭಾಗ ಮಾರುವ ಮೊದಲು ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ಪರಿಶೀಲಿಸುತ್ತಾರೆ ಎಂದು ಕೇಳಿ ನಮ್ಮ ಸ್ಟುಡಿಯೋದ ಕಂಪ್ಯೂಟರನ್ನು ಅವರಲ್ಲಿಗೆ ಒಯ್ದೆ. ಪರ್ಯಾಯದ ಮೆರವಣಿಗೆ, ಮದುವೆ, ನೇಮಗಳ ಸಾವಿರಾರು ಚಿತ್ರಗಳಿದ್ದ ಫೋಲ್ಡರ್ ತೆರೆಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಹೊಸ ಚಿತ್ರಗಳನ್ನು ಅದಕ್ಕೆ ಸೇರಿಸುವುದೂ ನಿಧಾನವಾಗಿತ್ತು.

ಅವರು ಮೊದಲು ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಒಳಗಿನ ಕಡತಗಳ ಬಗೆ ‘ಪಿಕ್ಚರ್ಸ್’ ಎಂದಿದ್ದುದನ್ನು ‘ಜನರಲ್ ಐಟಮ್ಸ್’ ಎಂದು ಬದಲಿಸಿದರು. ಚಿತ್ರ ತೆಗೆದ ದಿನಾಂಕದಂಥ ವಿವರಗಳಿಗಾಗಿ ಕಡತಗಳ ಒಳಹೊಕ್ಕು ಓದುವ ಕೆಲಸ ತಪ್ಪಿದ್ದರಿಂದ ಫೋಲ್ಡರ್ ತೆರೆಯುವುದು ಸ್ಪಷ್ಟವಾಗಿ ಚುರುಕಾಯಿತು.

ಎರಡನೆಯ ಬದಲಾವಣೆಯಲ್ಲಿ ಅವರ ತಿಳಿವಳಿಕೆ ಎದ್ದು ಕಂಡಿತು. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ತಂತ್ರಾಂಶಗಳಿಗೆ ಅನುಕೂಲವಾಗಲೆಂದು ವಿಂಡೋಸ್ ಉದ್ದ ಹೆಸರಿನ ಕಡತಗಳಿಗೆ 8 ಅಕ್ಷರಗಳ ಹೆಸರು, 3 ಅಕ್ಷರಗಳ ವಿಸ್ತರಣೆ ಇರುವ ಇನ್ನೊಂದು ಕಿರುಹೆಸರನ್ನೂ ಕೊಡಬಲ್ಲದು. ನಮ್ಮಲ್ಲಿರುವಂತೆ ಒಂದೇ ಪದದಿಂದ ಆರಂಭವಾಗುವ ಹೆಸರುಗಳು ಒಂದೇ ಫೋಲ್ಡರಿನಲ್ಲಿ ತುಂಬಿದ್ದರೆ, ಪ್ರತಿ ಹೊಸ ಕಡತಕ್ಕೂ ಬೇರೆಯದೇ ಕಿರುಹೆಸರು ಹುಡುಕುವುದಕ್ಕೆ ಸಮಯ ಹಿಡಿಯುತ್ತದೆ. ಚಿತ್ರಗಳಿರುವ ಡ್ರೈವ್‌ನಲ್ಲಿ ಮಾತ್ರ ಇದನ್ನು ನಿಲ್ಲಿಸಿ, ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗಬಾರದೆಂದು ಸಿ ಡ್ರೈವ್‌ ಅನ್ನು ಹಾಗೆಯೇ ಬಿಟ್ಟರು. ಈ ಬದಲಾವಣೆ ಮುಂದೆ ಸೇರುವ ಕಡತಗಳಿಗಷ್ಟೇ ಅನ್ವಯಿಸುತ್ತದೆ, ಈಗಾಗಲೇ ಇರುವ ಕಿರುಹೆಸರುಗಳು ಉಳಿಯುತ್ತವೆ ಎಂಬುದನ್ನೂ ಮೊದಲೇ ತಿಳಿಸಿದರು.

ವೇಗಕ್ಕಾಗಿ ಹಲವರು ಸೂಚಿಸುವ, ಡಿಸ್ಕ್‌ನ ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ (ತಾತ್ಕಾಲಿಕ ಸ್ಮೃತಿಯಲ್ಲಿರುವ ದತ್ತಾಂಶವನ್ನು ಡಿಸ್ಕ್‌ಗೆ ಇಳಿಸುವ ಕೆಲಸ) ನಿಲ್ಲಿಸುವ ಆಯ್ಕೆಯನ್ನು ಮಾತ್ರ ಮುಟ್ಟಲು ಅವರು ಒಪ್ಪಲಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿ ಜೋರಾದರೆ ಕರೆಂಟು ಹೋಗುವುದು ಸಾಮಾನ್ಯ. ಡಿಸ್ಕ್‌ಗೆ ಇನ್ನೂ ಇಳಿಯದ ದತ್ತಾಂಶ ಆಗ ನಷ್ಟವಾಗಬಹುದು. ಗ್ರಾಹಕರ ಮದುವೆಯ ಚಿತ್ರಗಳನ್ನು ಕಾಯುವ ನಮಗೆ ಈ ನಿರಾಕರಣೆಯೇ ದೊಡ್ಡ ಸೇವೆ.

ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅದನ್ನು ಯಾವ ಸೆಟ್ಟಿಂಗ್ ಕೂಡ ಕಡಿಮೆ ಮಾಡದು ಎಂದು ಹೇಳಿ, ಮುಂದೆ ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿಕೊಳ್ಳಲು ಸಲಹೆ ನೀಡಿದರು, ಒತ್ತಾಯ ಮಾಡಲಿಲ್ಲ. ಕೊರತೆ ಒಂದೇ: ಯಾವ ಸೆಟ್ಟಿಂಗ್ ಬದಲಾಯಿತೆಂಬುದನ್ನು ಅವರಾಗಿಯೇ ಬರೆದುಕೊಡುವುದಿಲ್ಲ. ಅಲ್ಲಿಗೆ ಹೋಗುವವರು ಹಳೆಯ ಮತ್ತು ಹೊಸ ಆಯ್ಕೆಗಳೆರಡನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳುವುದು ಒಳ್ಳೆಯದು, ಕೇಳಿದರೆ ಬರೆದುಕೊಡುತ್ತಾರೆ.